ಕ್ಯಾಥೊಲಿಕ್ ಯೂನಿವರ್ಸಿಟಿಗೆ ಮಕ್ಕಳನ್ನ ಸೇರಿಸ್ತಿದ್ದೀರಾ? 'ಕ್ಯಾಂಪಸ್ ಮಿನಿಸ್ಟ್ರಿ' ಅಂದ್ರೆ ಏನು, ಪೂರ್ತಿ ಮಾಹಿತಿ ಇಲ್ಲಿದೆ

ಮಂಗಳೂರು: ಪಿಯುಸಿ ರಿಸಲ್ಟ್ ಬಂದ ಮೇಲೆ ನಮ್ಮ ತಾಲ್ಲೂಕುಗಳ ಮನೆಗಳಲ್ಲಿ ಏಳೋ ಮಾತು ಇದು. "ಫಾದರ್‌ಗಳ ಕಾಲೇಜು, ಶಿಸ್ತು ಚೆನ್ನಾಗಿದೆ. ಆದ್ರೆ ಅಲ್ಲಿ ಪ್ರಾರ್ಥನೆ ಕಡ್ಡಾಯನಾ? ಮತ ಬದಲಿಸಿ ಅಂತಾರಾ?" ಕ್ರೈಸ್ತ ಮನೆಯವರ ಚಿಂತೆ ಬೇರೆ: "ಊರು ಬಿಟ್ಟು ಹೋದ ಮಗ ಪೂಜೆಗೆ ಹೋಗ್ತಾನಾ?" ಎರಡಕ್ಕೂ ಉತ್ತರ ಸಿಗೋದು ಕ್ಯಾಂಪಸ್ ಮಿನಿಸ್ಟ್ರಿ ಅನ್ನೋ ವಿಭಾಗದಲ್ಲಿ.

ರಾಜ್ಯದಲ್ಲಿ ಎಲ್ಲೆಲ್ಲಿ?

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಇಟಲಿಯ ಯೇಸುಸಭೆಯ (ಜೆಸ್ವಿಟ್) ಗುರುಗಳು ಶುರು ಮಾಡಿದರು. 2024ರಲ್ಲಿ ಅದಕ್ಕೆ ಡೀಮ್ಡ್ ಯೂನಿವರ್ಸಿಟಿ ಮಾನ್ಯತೆ ಸಿಕ್ಕಿತು. ಬೆಂಗಳೂರಿನಲ್ಲಿ 1969ರಲ್ಲಿ ಶುರುವಾದ ಕ್ರೈಸ್ಟ್ ಕಾಲೇಜು 2008ರಲ್ಲಿ ಡೀಮ್ಡ್ ಯೂನಿವರ್ಸಿಟಿ ಆಯ್ತು. 1882ರ ಸೇಂಟ್ ಜೋಸೆಫ್ ಕಾಲೇಜು ಕೂಡ ಈಗ ಯೂನಿವರ್ಸಿಟಿ. ಈ ಮೂರರಲ್ಲೂ ಎಲ್ಲ ಜಾತಿ ಧರ್ಮದ ಮಕ್ಕಳು ಓದ್ತಾರೆ.

ಮಿನಿಸ್ಟ್ರಿಯ ಕೆಲಸ ಏನು?

ಹೆಸರು ಕೇಳಿ ಮಂತ್ರಿಗಿರಿ ಅಂದ್ಕೋಬೇಡಿ. ಇಲ್ಲಿ ಮಿನಿಸ್ಟ್ರಿ ಅಂದ್ರೆ ಧಾರ್ಮಿಕ ಸೇವೆ. ಒಬ್ಬರು ಫಾದರ್ ಅಥವಾ ಸಿಸ್ಟರ್, ಅವರ ಜೊತೆ ಕೆಲವು ಉಪನ್ಯಾಸಕರು, ವಿದ್ಯಾರ್ಥಿಗಳು ಇದನ್ನ ನಡೆಸ್ತಾರೆ. ಬಲಿಪೂಜೆ, ಪಾಪನಿವೇದನೆ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಧ್ಯಾನಕೂಟ, ಕ್ರಿಸ್‌ಮಸ್ ಕಾರ್ಯಕ್ರಮ ಇವರ ಜವಾಬ್ದಾರಿ. ಮನೆ ನೆನಪಾಗಿ ಅಳೋ ಹುಡುಗ, ಫೇಲಾಗಿ ಕುಗ್ಗಿದ ಹುಡುಗಿ ಬಂದ್ರೆ ಕೂತು ಮಾತು ಕೇಳೋದೂ ಇವರೇ. ಪಾಪನಿವೇದನೆಯಲ್ಲಿ ಹೇಳಿದ್ದನ್ನ ಗುರುಗಳು ಯಾರ ಹತ್ರಾನೂ ಬಾಯಿ ಬಿಡೋ ಹಾಗಿಲ್ಲ, ಅದು ಚರ್ಚ್ ನಿಯಮ.

ವಿದ್ಯಾರ್ಥಿಗಳದ್ದೇ ಸಂಘಟನೆಯೂ ಇದೆ. 1924ರಲ್ಲಿ ಶುರುವಾದ ಐಕಫ್ (ಅಖಿಲ ಭಾರತ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಒಕ್ಕೂಟ) ಪ್ರಾರ್ಥನೆ ಜೊತೆಗೆ ಸಾಮಾಜಿಕ ನ್ಯಾಯದ ವಿಷಯವನ್ನೂ ಕೈಗೆತ್ತಿಕೊಳ್ಳುತ್ತೆ.

ಜೆಸ್ವಿಟ್ ಸಂಸ್ಥೆಗಳಲ್ಲಿ ಇನ್ನೊಂದು ರೂಢಿ ಇದೆ. ರಾತ್ರಿ ಮಲಗೋ ಮುಂಚೆ ಹತ್ತು ಹದಿನೈದು ನಿಮಿಷ ಸುಮ್ಮನೆ ಕೂತು ಇಡೀ ದಿನದ ಲೆಕ್ಕ ನೋಡೋದು. ಏನು ಒಳ್ಳೇದಾಯ್ತು, ಎಲ್ಲಿ ಎಡವಿದೆ, ನಾಳೆ ಏನು ತಿದ್ದಿಕೊಳ್ಳಲಿ ಅಂತ. ಅಂಗಡಿಯವರು ಬಾಗಿಲು ಹಾಕೋ ಮುಂಚೆ ಗಲ್ಲಾ ಲೆಕ್ಕ ನೋಡ್ತಾರಲ್ಲ, ಹಾಗೆ. ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ (1491–1556) ಕಲಿಸಿಕೊಟ್ಟ ಅಭ್ಯಾಸ ಇದು.

ಚಾಪೆಲ್ ನೋಡಿದ್ದೀರಾ?

ಬಾವುಟಗುಡ್ಡೆಯ ಅಲೋಶಿಯಸ್ ಚಾಪೆಲ್ ಪ್ರವಾಸಿಗರಿಗೂ ಗೊತ್ತಿರೋ ಜಾಗ. ಇಟಲಿಯಿಂದ ಬಂದ ಬ್ರದರ್ ಆಂತೋನಿಯೊ ಮೊಸ್ಕೇನಿ 1899ರಲ್ಲಿ ಶುರು ಮಾಡಿ ಇದರ ಗೋಡೆ, ಚಾವಣಿ ತುಂಬಾ ಚಿತ್ರ ಬರೆದರು. ಚಾವಣಿಯಲ್ಲಿ ಸಂತ ಅಲೋಶಿಯಸರ ಜೀವನಕಥೆ ಇದೆ. ಶ್ರೀಮಂತ ಮನೆತನ ಬಿಟ್ಟು ಬಂದ ಇವರು ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡ್ತಾ ತಾವೇ ಕಾಯಿಲೆ ಬಿದ್ದು 1591ರ ಜೂನ್ 21ರಂದು ತೀರಿಕೊಂಡರು. ಆಗ ವಯಸ್ಸು ಬರೀ 23. ವಿದ್ಯಾರ್ಥಿಗಳ ವಯಸ್ಸಿನವರೇ ಆದ್ದರಿಂದ ಯುವಜನರ ಪಾಲಕ ಸಂತ ಅಂತ ಇವರನ್ನ ನೆನೆಯುತ್ತಾರೆ.

ಬೇರೆ ಧರ್ಮದವರಿಗೆ ಕಡ್ಡಾಯನಾ?

ಇಲ್ಲ. ಸಂವಿಧಾನದ 28(3)ನೇ ವಿಧಿ ಸ್ಪಷ್ಟವಾಗಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವುದೇ ಸಂಸ್ಥೆಯಲ್ಲಿ, ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆ ಅಥವಾ ಪ್ರಾರ್ಥನೆಗೆ ಕೂರಿಸುವಂತಿಲ್ಲ. 18 ತುಂಬದ ಮಕ್ಕಳಿಗೆ ಪೋಷಕರ ಒಪ್ಪಿಗೆ ಬೇಕು. ಅಂದ್ರೆ ಪಿಯು ಹುಡುಗರ ವಿಷಯದಲ್ಲಿ ನೀವು, ಡಿಗ್ರಿಯಲ್ಲಿ 18 ದಾಟಿದವರು ತಾವೇ ತೀರ್ಮಾನ ಮಾಡಬೇಕು. ಅಲ್ಪಸಂಖ್ಯಾತರಿಗೆ ಸಂಸ್ಥೆ ಕಟ್ಟಿ ನಡೆಸೋ ಹಕ್ಕನ್ನು 30ನೇ ವಿಧಿ ಕೊಡುತ್ತೆ. ಆದ್ರೆ ಅದರಿಂದ ವಿದ್ಯಾರ್ಥಿಯ ಈ ಹಕ್ಕು ಹೋಗಲ್ಲ.

ಚರ್ಚ್ ಕಡೆಯಿಂದಲೂ ಇದೇ ಮಾತಿದೆ. ಕ್ಯಾಥೊಲಿಕ್ ಯೂನಿವರ್ಸಿಟಿಗಳಿಗಾಗಿ ಪೋಪ್ ಎರಡನೇ ಜಾನ್ ಪಾಲ್ 1990ರಲ್ಲಿ ಹೊರಡಿಸಿದ ನಿಯಮಾವಳಿ, ಪ್ರತಿಯೊಬ್ಬರ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಪೂರ್ತಿ ಗೌರವಿಸಬೇಕು ಅನ್ನುತ್ತೆ. ಹಲವು ಕಾಲೇಜುಗಳಲ್ಲಿ ಕ್ಯಾಥೊಲಿಕ್ ಮಕ್ಕಳಿಗೆ ಧರ್ಮೋಪದೇಶ ಕ್ಲಾಸ್ ಇದ್ದರೆ ಉಳಿದವರಿಗೆ ಮೌಲ್ಯ ಶಿಕ್ಷಣ ಇರುತ್ತೆ.

ಇನ್ನೊಂದು ವಿಷಯ. ಸ್ನೇಹಿತರ ಜೊತೆ ಪೂಜೆಗೆ ಹೋಗಿ ಕೂತರೆ ತಪ್ಪಿಲ್ಲ. ಆದ್ರೆ ಅಲ್ಲಿ ಕೊಡೋ ಪರಮಪ್ರಸಾದ ನಮ್ಮ ದೇವಸ್ಥಾನದ ಪ್ರಸಾದದ ಹಾಗೆ ಬಂದವರಿಗೆಲ್ಲ ಹಂಚೋದಲ್ಲ. ಸಿದ್ಧರಾದ ಕ್ಯಾಥೊಲಿಕರಿಗೆ ಮಾತ್ರ. ಅದಕ್ಕೆ ಸಾಲಲ್ಲಿ ನಿಲ್ಲದೆ ಜಾಗದಲ್ಲೇ ಕೂತಿದ್ದರೆ ಸಾಕು, ಯಾರೂ ಏನೂ ಅಂದ್ಕೊಳ್ಳಲ್ಲ.

ಅಡ್ಮಿಷನ್ ದಿನ ಇವನ್ನ ಕೇಳಿ

* ಮೌಲ್ಯ ಶಿಕ್ಷಣ ಕ್ಲಾಸಿಗೆ ಹಾಜರಾತಿ, ಮಾರ್ಕ್ಸ್ ಇದೆಯಾ? ಪಾಠ ಏನು?
* ಹಾಸ್ಟೆಲ್ ಪ್ರಾರ್ಥನೆ ಹೊತ್ತಲ್ಲಿ ಬೇರೆ ಧರ್ಮದ ಮಕ್ಕಳು ಏನು ಮಾಡಬೇಕು?
* ನಮ್ಮ ಹಬ್ಬಗಳಿಗೆ ರಜೆ, ಉಪವಾಸದ ದಿನ ಊಟದ ವ್ಯವಸ್ಥೆ ಹೇಗೆ?
* ಮನಸ್ಸಿಗೆ ಬೇಜಾರಾದರೆ ಮಾತಾಡೋಕೆ ಕೌನ್ಸೆಲರ್ ಬೇರೆ ಇದ್ದಾರಾ?
* ಕ್ರೈಸ್ತ ಮಕ್ಕಳಾದರೆ: ಪೂಜೆ ಯಾವ ದಿನ, ಯಾವ ಭಾಷೆಯಲ್ಲಿ?

ಕೇಳೋಕೆ ಸಂಕೋಚ ಬೇಡ. ಯಾರೋ ಹೇಳಿದ್ದನ್ನ ನಂಬಿ ಸೀಟು ಬಿಡೋದಕ್ಕಿಂತ, ಆಫೀಸಿನಲ್ಲಿ ನೇರವಾಗಿ ಕೇಳಿ, ಮಕ್ಕಳನ್ನೂ ಪಕ್ಕ ಕೂರಿಸಿಕೊಂಡು ತೀರ್ಮಾನ ಮಾಡಿ. ಓದೋದು ಅವರೇ ತಾನೇ.