ಜೀವಶಾಸ್ತ್ರದ ಕೊನೆಯ ಪಾಠ

ನನ್ನ ಬಳಿ ಜೀವಶಾಸ್ತ್ರ ಕಲಿತವರಿಗೆ ಒಂದು ಸಂಗತಿ ನೆನಪಿರಬಹುದು. ಎಂಟನೆಯ ತರಗತಿಯಲ್ಲಿ ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಜೀವಕೋಶಗಳನ್ನು ತೋರಿಸಲು ನಾನು ಎರಡು ಪೀರಿಯಡ್ ತೆಗೆದುಕೊಳ್ಳುತ್ತಿದ್ದೆ. ಹತ್ತನೆಯ ತರಗತಿಯ ಜೀವವಿಕಾಸದ ಪಾಠವನ್ನು ಮಾತ್ರ ವರ್ಷದ ಕೊನೆಯಲ್ಲಿ ಅರ್ಧ ಗಂಟೆಯಲ್ಲಿ ಓದಿಸಿ ಮುಗಿಸುತ್ತಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕಡಿಮೆ ಎಂಬುದು ನಾನು ಹೇಳುತ್ತಿದ್ದ ಕಾರಣ. ನೀವು ಕೇಳಬಹುದಾದ ಪ್ರಶ್ನೆಗಳಿಗೆ ಅಂಜುತ್ತಿದ್ದೆನೆಂಬುದು ಹೇಳದ ಕಾರಣ. ಆ ತಪ್ಪಿನ ತೂಕ ತಿಳಿದದ್ದು ನಿವೃತ್ತಿಯ ಬಳಿಕ, ಈ ಪಾಠದ ಇತಿಹಾಸವನ್ನು ಓದಿದಾಗ.

ಅಮೆರಿಕದ ಟೆನ್ನೆಸ್ಸೀ ರಾಜ್ಯವು 1925ರಲ್ಲಿ ಬಟ್ಲರ್ ಕಾಯಿದೆಯನ್ನು ತಂದು, ಮನುಷ್ಯನು ಕೆಳಸ್ತರದ ಪ್ರಾಣಿಗಳಿಂದ ವಿಕಾಸ ಹೊಂದಿದನೆಂದು ಸರ್ಕಾರಿ ಶಾಲೆಗಳಲ್ಲಿ ಕಲಿಸುವುದನ್ನು ನಿಷೇಧಿಸಿತು. ವಿಚಿತ್ರವೆಂದರೆ, ಅದೇ ರಾಜ್ಯ ಪ್ರೌಢಶಾಲೆಗಳಿಗೆ ಗೊತ್ತುಪಡಿಸಿದ್ದ ಜಾರ್ಜ್ ಹಂಟರನ 1914ರ ಜೀವಶಾಸ್ತ್ರ ಪಠ್ಯದಲ್ಲಿ ವಿಕಾಸದ ವಿವರಣೆಯಿತ್ತು. ಆ ಪುಸ್ತಕ ದೋಷರಹಿತವೇನಲ್ಲ. ಮಾನವ ಜನಾಂಗಗಳಲ್ಲಿ ಮೇಲುಕೀಳು ಎಣಿಸುವ ಮಾತುಗಳೂ ಅದರಲ್ಲಿದ್ದವು.

ಕಾಯಿದೆಯನ್ನು ಪರೀಕ್ಷೆಗೊಡ್ಡಲು ಡೇಟನ್ ಎಂಬ ಸಣ್ಣ ಊರಿನ 24 ವರ್ಷದ ಉಪಾಧ್ಯಾಯ ಜಾನ್ ಸ್ಕೋಪ್ಸ್ ಆರೋಪಿಯಾಗಲು ಒಪ್ಪಿದನು. ಆತ ಖಾಯಂ ಜೀವಶಾಸ್ತ್ರ ಶಿಕ್ಷಕನೂ ಅಲ್ಲ. ಆ ವಿಷಯದ ಶಿಕ್ಷಕರು ಬಾರದಿದ್ದಾಗ ಪಾಠ ನೋಡಿಕೊಂಡಿದ್ದವನು. ಜುಲೈ ತಿಂಗಳಲ್ಲಿ ನಡೆದ ವಿಚಾರಣೆಯ ಕೊನೆಗೆ ಅವನಿಗೆ 100 ಡಾಲರ್ ದಂಡ ಬಿತ್ತು. 1927ರಲ್ಲಿ ಮೇಲಿನ ನ್ಯಾಯಾಲಯವು ತಾಂತ್ರಿಕ ಕಾರಣಕ್ಕೆ ಆ ತೀರ್ಪನ್ನು ರದ್ದುಪಡಿಸಿದರೂ ಕಾಯಿದೆ ಉಳಿಯಿತು.

ನನ್ನನ್ನು ಕಾಡುವುದು ಆ ದಂಡವಲ್ಲ, ಅನಂತರದ ಮೌನ. ಪ್ರಕಾಶಕರು ತಾವಾಗಿಯೇ ಹಿಂಜರಿದರು. ಹಂಟರನ ಪುಸ್ತಕದ ಪರಿಷ್ಕೃತ ಆವೃತ್ತಿಯಿಂದಲೂ ವಿಕಾಸ ಎಂಬ ಪದ ಮಾಯವಾಯಿತು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕಕ್ಕೆ ತನ್ನ ವಿಜ್ಞಾನ ಶಿಕ್ಷಣದ ಬಗ್ಗೆ ಕಳವಳ ಹುಟ್ಟಿತು. 1958ರಲ್ಲಿ ಆರಂಭವಾದ ಜೀವಶಾಸ್ತ್ರ ಪಠ್ಯಕ್ರಮ ಅಧ್ಯಯನ ಸಂಸ್ಥೆಯು 1963ರಲ್ಲಿ ನೀಲಿ, ಹಸಿರು, ಹಳದಿ ಎಂಬ ಮೂರು ಪಠ್ಯಗಳನ್ನು ಹೊರತಂದಿತು. ಒಂದು ಅಣುಮಟ್ಟದಿಂದ, ಒಂದು ಪರಿಸರದಿಂದ, ಇನ್ನೊಂದು ಜೀವಕೋಶದಿಂದ ಹೊರಟರೂ, ಮೂರರಲ್ಲೂ ವಿಕಾಸವೇ ಎಳೆಯಾಗಿತ್ತು. ಬಟ್ಲರ್ ಕಾಯಿದೆ ರದ್ದಾದದ್ದು 1967ರಲ್ಲಿ. ಒಂದು ಪಾಠ ಮರಳಲು ಹೆಚ್ಚುಕಡಿಮೆ ನಾಲ್ಕು ದಶಕ ಬೇಕಾಯಿತು.

ನಮ್ಮಲ್ಲಿಯೂ 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಆನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯ ಬರಿಯ ‘ಆನುವಂಶೀಯತೆ’ಯಾಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ವಿರೋಧಿಸಿ ಸಹಿ ಹಾಕಿದರು. ಹನ್ನೆರಡನೆಯ ತರಗತಿಯ ಪುಸ್ತಕದಲ್ಲಿ ಪಾಠ ಉಳಿಯಿತು ನಿಜ. ಆದರೆ ಎಸ್ಸೆಸ್ಸೆಲ್ಸಿ ಮುಗಿಸಿ ಕಾಮರ್ಸ್ ಅಥವಾ ಆರ್ಟ್ಸ್ ಹಿಡಿಯುವ ಮಗುವಿಗೆ ಹತ್ತನೆಯ ತರಗತಿಯೇ ಜೀವಶಾಸ್ತ್ರದ ಕೊನೆ.

ಮನುಷ್ಯನ ಕೈ, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುಗೈ ಮೂರರೊಳಗೂ ಮೂಳೆಗಳ ಜೋಡಣೆ ಒಂದೇ ಎಂದು ಕರಿಹಲಗೆಯ ಮೇಲೆ ಚಿತ್ರ ಬರೆದಿದ್ದೆ. ಏಕೆ ಎಂಬುದನ್ನು ವಿವರಿಸಲು ನಿಲ್ಲಲಿಲ್ಲ. ಆ ‘ಏಕೆ’ ತಿಳಿಯದಿದ್ದರೆ ಎಂಟನೆಯ ತರಗತಿಯ ಜೀವಕೋಶವೂ ಪಿಯುಸಿಯ ಡಿಎನ್‌ಎಯೂ ಬಾಯಿಪಾಠದ ಪಟ್ಟಿಗಳಾಗಿಯೇ ಉಳಿಯುತ್ತವೆ. ತಳಿವಿಜ್ಞಾನಿ ಡಾಬ್‌ಜಾನ್ಸ್ಕಿ 1973ರಲ್ಲಿ ಜೀವಶಾಸ್ತ್ರ ಶಿಕ್ಷಕರಿಗೆಂದೇ ಬರೆದ ಪ್ರಬಂಧದ ತಿರುಳೂ ಇದೇ.

ಟೆನ್ನೆಸ್ಸೀಯಲ್ಲಿ ಪಾಠವನ್ನು ತಡೆಯಲು ಕಾಯಿದೆ ಬೇಕಾಯಿತು. ನನ್ನ ತರಗತಿಯಲ್ಲಿ ನನ್ನ ಅಂಜಿಕೆಯೇ ಸಾಕಾಯಿತು. ನಿಮ್ಮಲ್ಲಿ ಕೆಲವರು ಈಗ ಶಿಕ್ಷಕರಾಗಿದ್ದೀರಿ. ಈರುಳ್ಳಿ ಪೊರೆಗೆ ಒಂದು ಪೀರಿಯಡ್ ಸಾಕು. ಉಳಿದದ್ದನ್ನು ಕೊನೆಯ ಪಾಠಕ್ಕೆ ಕೊಡಿ. ನಾನು ಉಳಿಸಿಕೊಂಡ ಬಾಕಿಯನ್ನು ನೀವು ತೀರಿಸಿದಂತಾಗುತ್ತದೆ.