ದಂಡಿನ ನೆಲದಡಿಯ ನಿಲ್ದಾಣ

ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ಕನ್ನಡದಲ್ಲಿ 'ಬೆಂಗಳೂರು ದಂಡು' ಎಂಬ ಹೆಸರಿದೆ. ದಂಡು ಎಂದರೆ ಸೈನ್ಯ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಪಡೆಯನ್ನು ಇಲ್ಲಿಗೆ ತಂದು ನೆಲೆಗೊಳಿಸಿದರು. ಆ ಪಡೆಯ ಅಗತ್ಯಕ್ಕೆ ತಕ್ಕಂತೆ ಒಂದು ಊರೇ ಬೆಳೆಯಿತು.

1864ರಲ್ಲಿ ಮದ್ರಾಸು ರೈಲ್ವೆಯ ಹಳಿ ಜೋಲಾರಪೇಟೆಯಿಂದ ಬಂದು ನಿಂತದ್ದೂ ಈ ದಂಡಿನಲ್ಲೇ. ಪೇಟೆಗೆ ರೈಲು ತಲುಪಿದ್ದು 1882ರಲ್ಲಿ. ಅಲ್ಲಿಯವರೆಗೆ, 18 ವರ್ಷ, ಪೇಟೆಯವರು ರೈಲು ಹತ್ತಲು ದಂಡಿಗೇ ಬರಬೇಕಿತ್ತು. ಎರಡೂ ಊರುಗಳ ಆಡಳಿತ ಒಂದಾದದ್ದು 1949ರಲ್ಲಿ.

ಅದೇ ದಂಡಿನ ಅಡಿಯಲ್ಲಿ ಈಗ ಮೆಟ್ರೊ ಸುರಂಗವಿದೆ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗದ ಉದ್ದ ಸುಮಾರು 21 ಕಿ.ಮೀ.; ಅದರಲ್ಲಿ ಸುಮಾರು 14 ಕಿ.ಮೀ. ನೆಲದಡಿಯಲ್ಲಿದೆ, 12 ನಿಲ್ದಾಣಗಳೂ ಅಲ್ಲೇ ಇವೆ. ಶಿವಾಜಿನಗರದ ಸಂದಣಿಯಲ್ಲಿ ಕಂಬ ನೆಟ್ಟು ಸೇತುವೆ ಕಟ್ಟುವಷ್ಟು ಜಾಗವೆಲ್ಲಿ? ಕೆಳಗೆ ಇಳಿಯುವುದೊಂದೇ ದಾರಿ. ಆದರೆ ಆ ದಾರಿಯೂ ಸಲೀಸಲ್ಲ. ಒಂದೆಡೆ ಗಟ್ಟಿ ಬಂಡೆ, ಇನ್ನೊಂದೆಡೆ ಸಡಿಲ ಮಣ್ಣು. ಮೇಲೆ ಹಳೆಯ ಮನೆ, ಅಂಗಡಿಗಳು. ಯಂತ್ರ ನೆಲ ಕೊರೆಯುತ್ತ ಮುಂದೆ ಸಾಗಿದಂತೆ ಹಿಂದೆಯೇ ಕಾಂಕ್ರೀಟಿನ ಬಳೆಗಳನ್ನು ಜೋಡಿಸಿ ಸುರಂಗದ ಗೋಡೆ ಕಟ್ಟಬೇಕು. 2020ರ ಜುಲೈಯಲ್ಲಿ ಕಂಟೋನ್ಮೆಂಟಿನಿಂದ ಹೊರಟ 'ಊರ್ಜಾ' ಎಂಬ ಯಂತ್ರ ಶಿವಾಜಿನಗರದಲ್ಲಿ ಹೊರಬಂದದ್ದು 2021ರ ಸೆಪ್ಟೆಂಬರ್ 22ರಂದು. ಸುಮಾರು 860 ಮೀಟರಿನ ದಾರಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಸರಾಸರಿ ದಿನಕ್ಕೆ ಎರಡು ಮೀಟರ್. ಈ ಮಾರ್ಗದ ಸುರಂಗ ಕೊರೆಯುವ ಕೆಲಸವೆಲ್ಲ ಮುಗಿದದ್ದು 2024ರ ಅಕ್ಟೋಬರಿನಲ್ಲಿ.

ಯಂತ್ರದ ಪಾಡು ಹೀಗಾದರೆ, ಜನರ ತಕರಾರು ಬೇರೆಯೇ ಇತ್ತು. ಮೂಲ ಯೋಜನೆಯಂತೆ ಕಂಟೋನ್ಮೆಂಟ್ ಮೆಟ್ರೊ ನಿಲ್ದಾಣ ರೈಲು ನಿಲ್ದಾಣದ ಎದುರಿಗೇ ಬರಬೇಕಿತ್ತು. ಬಳಿಕ ಅದನ್ನು ಬಾಂಬೂ ಬಜಾರ್ ಮೈದಾನದತ್ತ ಸರಿಸಲಾಯಿತು. ವೆಚ್ಚ, ಸಮಯ ಉಳಿಯುತ್ತದೆ ಎಂಬುದು ಮೆಟ್ರೊ ನಿಗಮದ ವಾದ. ರೈಲಿಳಿದು ಗಂಟುಮೂಟೆ ಹೊತ್ತವರು ಮೆಟ್ರೊಗಾಗಿ ಇನ್ನಷ್ಟು ದೂರ ನಡೆಯಬೇಕೇ ಎಂಬುದು 2017ರಲ್ಲಿ ಪ್ರತಿಭಟಿಸಿದವರ ಪ್ರಶ್ನೆ. ಸುರಂಗ ಒಮ್ಮೆ ಕೊರೆದ ಮೇಲೆ ನಿಲ್ದಾಣವನ್ನು ಅತ್ತಿತ್ತ ಸರಿಸಲಾಗದು. ಹಾಗಾಗಿ ಆ ತೀರ್ಮಾನದ ಲಾಭ ನಷ್ಟ ಮುಂದಿನ ತಲೆಮಾರುಗಳದ್ದೂ ಹೌದು.

ಇದೇ ಮಾರ್ಗದಲ್ಲಿ ಮುಂದಿನ ನಿಲ್ದಾಣಗಳ ಹೆಸರು ಪಾಟರಿ ಟೌನ್, ಟ್ಯಾನರಿ ರಸ್ತೆ. ಒಂದು ಕುಂಬಾರರದು, ಇನ್ನೊಂದು ಚರ್ಮ ಹದಮಾಡುವವರದು. ದಂಡು ಹೋಗಿದೆ, ಅಲ್ಲಿ ದುಡಿದವರ ಕಸುಬು ನಿಲ್ದಾಣದ ಫಲಕದಲ್ಲಿ ಉಳಿದಿದೆ.