ತಿದ್ದಿದ ಬಣ್ಣ, ಹಚ್ಚಿದ ಬಣ್ಣ: ಹಳೆಯ ಕನ್ನಡ ಚಿತ್ರಗಳ ಪಾಠಸಮಸ್ಯೆ

ಹಳೆಯ ಕನ್ನಡ ಸಿನಿಮಾಗಳ ಬಣ್ಣದ ಚರಿತ್ರೆ ಸಾಹಿತ್ಯದ ಗೋಷ್ಠಿಯಲ್ಲಿ ಯಾಕೆ ಅಂತ ಕೇಳಬಹುದು. ಗ್ರಂಥಸಂಪಾದನೆಯ ಪತ್ರಿಕೆ ಓದುತ್ತಿದ್ದ ದಿನಗಳಲ್ಲೇ ಅವಿನಾಶಿಯ ಮನೆಯಲ್ಲಿ ಕೂತು ನ್ಯೂಕ್ ತಂತ್ರಾಂಶದಲ್ಲಿ ಬಣ್ಣ ತಿದ್ದುವುದನ್ನು ಕಲಿಯುತ್ತಿದ್ದೆ. ಎರಡೂ ಕಡೆ ಪ್ರಶ್ನೆ ಒಂದೇ: ಇದು ಮೂಲದಲ್ಲಿತ್ತೋ, ನಾವು ಸೇರಿಸಿದ್ದೋ?

ಈ ಕೆಲಸದಲ್ಲಿ ಕರೆಕ್ಷನ್ ಬೇರೆ, ಗ್ರೇಡಿಂಗ್ ಬೇರೆ. ಪಕ್ಕದ ತಿರುಪ್ಪೂರಿನ ಡೈಯಿಂಗ್ ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಗಿರಾಕಿ ಕಳಿಸಿದ ಬಟ್ಟೆಯ ತುಂಡಿಗೆ ಹೊಂದುವ ಹಾಗೆ ಸ್ಯಾಂಪಲ್ ಅದ್ದಿ, ಹಗಲಿನಂಥ ದೀಪದಡಿ ಒಮ್ಮೆ, ಅಂಗಡಿಯ ಟ್ಯೂಬ್‌ಲೈಟ್‌ನಂಥದರಡಿ ಒಮ್ಮೆ ಇಟ್ಟು ನೋಡುತ್ತಾರೆ. ಒಂದರಲ್ಲಿ ಕೂಡಿದ್ದು ಇನ್ನೊಂದರಲ್ಲಿ ಬಿಟ್ಟುಹೋಗುವುದುಂಟು. ಈ ಹೊಂದಿಸುವಿಕೆ ಕರೆಕ್ಷನ್. ಯಾವ ಬಣ್ಣ ಬೇಕು ಅನ್ನುವ ತೀರ್ಮಾನ ಗ್ರೇಡಿಂಗ್.

ಡಿಜಿಟಲ್ ಡೊಮೇನ್ ಸಂಸ್ಥೆಯಲ್ಲಿ 1993ರಲ್ಲಿ ಹುಟ್ಟಿದ ನ್ಯೂಕ್‌ನಲ್ಲಿ ಪ್ರತಿಯೊಂದು ಕ್ರಿಯೆಯೂ ಒಂದು ನೋಡ್, ಅಂದರೆ ಗೆರೆಗಳಿಂದ ಜೋಡಿಸಿದ ಒಂದು ಪೆಟ್ಟಿಗೆ. ಮೇಲಿನ ಮೂಲಚಿತ್ರ ಕೆಡುವುದಿಲ್ಲ. ಗ್ರೇಡ್ ನೋಡ್‌ನಲ್ಲಿ ಕಪ್ಪಿನ ತುದಿ, ಬಿಳಿಯ ತುದಿ ಗುರುತಿಸಿ ಆಮೇಲೆ ಗಾಮಾ ಮುಟ್ಟಬೇಕು. ಕತ್ತರಿಸಿ ಕೂಡಿಸುವ ಪಾತ್ರವಾದರೆ ಮೊದಲು ಅನ್‌ಪ್ರೀಮಲ್ಟ್, ತಿದ್ದಿದ ಮೇಲೆ ಮತ್ತೆ ಪ್ರೀಮಲ್ಟ್. ಇಲ್ಲವಾದರೆ ಅಂಚಿನಲ್ಲಿ ಕಳ್ಳಗೆರೆ ಕಾಣುತ್ತದೆ. ನೋಡ್‌ಗಳ ಈ ನಕ್ಷೆಯನ್ನು ನಾನು ಪಾಠಾಂತರಗಳ ಅಡಿಟಿಪ್ಪಣಿಯಂತೆ ಓದುತ್ತೇನೆ: ಸಂಪಾದಕ ಎಲ್ಲಿ ಕೈ ಹಾಕಿದ ಅನ್ನುವುದು ಅಲ್ಲಿ ಉಳಿದಿರುತ್ತದೆ.

ಈಗ ಚರಿತ್ರೆಗೆ ಬರೋಣ. ‘ಅಮರಶಿಲ್ಪಿ ಜಕಣಾಚಾರಿ’ (1964) ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಆ ಕಾಲದ ಬಣ್ಣದ ಫಿಲ್ಮಿನಲ್ಲಿ ಮೂರು ವರ್ಣಪದರಗಳಿದ್ದವು. ಅವು ಬೇರೆಬೇರೆ ವೇಗದಲ್ಲಿ ಮಾಸುವುದರಿಂದ ಹಳೆಯ ಪ್ರಿಂಟುಗಳು ಕೆಂಪಾಗುತ್ತವೆ. ಆದರೂ ಮಾಸಿದ ಪದರದಲ್ಲಿ ಏನೋ ಉಳಿದಿರುತ್ತದೆ, ಸವೆದ ಶಾಸನದ ಅಕ್ಷರದ ಹಾಗೆ. ಅಲ್ಲಿ ತಿದ್ದಲಿಕ್ಕೆ ಆಧಾರವಿದೆ.

ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ, ದೊರೆ-ಭಗವಾನ್ ಜೋಡಿಯ ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣ ಹೊದ್ದು ಮರುಬಿಡುಗಡೆಯಾದವು. ಇವುಗಳ ಮಾತೇ ಬೇರೆ. ಕಪ್ಪುಬಿಳುಪು ನೆಗೆಟಿವ್ ಹಿಡಿದಿಡುವುದು ಬೆಳಕಿನ ಪ್ರಮಾಣವನ್ನಷ್ಟೇ. ಕೆಂಪು ಸೀರೆ, ಹಸಿರು ಸೀರೆ ಎರಡೂ ಒಂದೇ ಬೂದಾಗಿ ಬೀಳಬಹುದು. ಅಂದು ಉಟ್ಟ ಸೀರೆಯೇ ಸಿಕ್ಕರೂ ವಾದ ಮುಗಿಯುವುದಿಲ್ಲ. ಪರದೆಯ ಮೇಲೆ ಯಾವ ಬೂದು ಬರುತ್ತದೆ ಅಂತ ನೋಡಿ ಬಟ್ಟೆ ಆರಿಸುವ ರೂಢಿ ಇತ್ತಲ್ಲ! ಆದ್ದರಿಂದ ಈ ಬಣ್ಣವನ್ನು ನಾನು ಮೂಲಪಾಠ ಅನ್ನಲಾರೆ, ಟೀಕು ಅನ್ನುತ್ತೇನೆ. ಟೀಕು ಕೀಳೇನಲ್ಲ. ಮೂಲದೊಳಗೆ ಬೆರೆತು ಗುರುತು ಸಿಗದೆ ಹೋದಾಗಲೇ ಅದು ಪ್ರಕ್ಷಿಪ್ತವಾಗುವುದು. ನೋಡುಗರ ಕೈಗೆ ಸಿಗುವುದು ಕೊನೆಯ ಚಿತ್ರ ಮಾತ್ರ, ನೋಡ್‌ಗಳ ನಕ್ಷೆಯಲ್ಲ.

ನಮ್ಮೂರಿಗೆ ಹತ್ತಿರದ ಒಂದು ಉದಾಹರಣೆ: ಕೊಯಮತ್ತೂರಿನ ಪಕ್ಷಿರಾಜ ಸ್ಟುಡಿಯೋದ ಎಸ್. ಎಂ. ಶ್ರೀರಾಮುಲು ನಾಯ್ಡು ತಮ್ಮ ತಮಿಳು ‘ಮಲೈಕ್ಕಳ್ಳನ್’ (1954) ಚಿತ್ರವನ್ನೇ 1957ರಲ್ಲಿ ‘ಬೆಟ್ಟದ ಕಳ್ಳ’ ಎಂದು ಕನ್ನಡಕ್ಕೆ ತಂದರು. ನಾಳೆ ಯಾರಾದರೂ ಅದಕ್ಕೆ ಕೈ ಹಾಕಿದರೆ ಮೊದಲು ಬೂದುಗಳನ್ನು ಸರಿಮಾಡಲಿ, ಮಿನುಗು ತೆಗೆಯಲಿ, ನೆರಳೊಳಗಿನ ವಿವರ ಕಪ್ಪಿನಲ್ಲಿ ಮುಳುಗದಂತೆ ನೋಡಲಿ. ಬಣ್ಣ ಬೇಕೇ ಬೇಕು ಅಂದರೆ ಬೇರೆಯೇ ಕವಲಿನಲ್ಲಿ ಇಡಲಿ, ಆ ಕಡತವನ್ನೂ ಚಿತ್ರದ ಜೊತೆಗೇ ಕೊಡಲಿ. ನ್ಯೂಕ್‌ನಲ್ಲಿ ನೋಡ್ ಆರಿಸಿ ‘ಡಿ’ ಒತ್ತಿದರೆ ಅದು ಕೆಲಸ ನಿಲ್ಲಿಸುತ್ತದೆ. ಹಾಗೆ ಒತ್ತಿದಾಗ 1957ರ ಬೂದು ಹಾಗೇ ಕಾಣಬೇಕು.